ಡಿ'ಸೋಜಾ ಹೆಸರಿನಲ್ಲಿ ತಪ್ಪಿಲ್ಲ

ಸಾಫ್ಟ್‌ವೇರ್ ಕಚೇರಿಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ರೂಢಿ ಇದೆ. ಡೇಟಾಬೇಸಿಗೆ ಕಳಿಸಿದ ಕ್ವೆರಿ ಮುರಿದು ಸಿಂಟ್ಯಾಕ್ಸ್ ಎರರ್ ಬಂದರೆ ಮೊದಲ ಅನುಮಾನ ಅರ್ಜಿ ತುಂಬಿದವರ ಮೇಲೆ. 'ಡೇಟಾ ಸರಿಯಿಲ್ಲ, ಕ್ಲೀನ್ ಮಾಡಿ' ಎನ್ನುತ್ತಾರೆ. ಅದರಿಂದ ಬಗೆಹರಿಯದಿದ್ದರೆ ಎರಡನೆಯ ಅನುಮಾನ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವಿನ ಕೊಂಡಿಯಾದ ಡ್ರೈವರ್ ಮೇಲೆ. 'ಡ್ರೈವರ್ ಬಗ್, ವರ್ಷನ್ ಬದಲಿಸಿ ನೋಡಿ' ಎನ್ನುತ್ತಾರೆ. ಹೊತ್ತು ಮೀರುತ್ತಿದ್ದರೆ ಮೂರನೆಯ ಮಾತು ಸಿದ್ಧವಾಗಿರುತ್ತದೆ: 'ಎಸ್ಕೇಪ್ ಹಾಕಿ ಟಿಕೆಟ್ ಮುಚ್ಚಿಬಿಡಿ.' ಮೂರೂ ಮಾತುಗಳ ತಳದಲ್ಲಿರುವುದು ಒಂದೇ ಅಭಿಪ್ರಾಯ. ನಾವು ಬರೆದ ಕೋಡ್ ಸರಿಯಾಗೇ ಇದೆ, ಹೊರಗಿನಿಂದ ಬಂದದ್ದು ಕೆಟ್ಟಿದೆ ಎಂಬುದು ಆ ಅಭಿಪ್ರಾಯ.

ಇದು ತಪ್ಪು. ತಾಂತ್ರಿಕವಾಗಿ ತಪ್ಪು, ಸುರಕ್ಷತೆಯ ದೃಷ್ಟಿಯಿಂದ ಅಪಾಯ, ಜನರ ವಿಷಯದಲ್ಲಿ ಅನ್ಯಾಯ. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕೆ ಹಬ್ಬಿರುವ ಬಡಾವಣೆಗಳಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಆ ಕೋಡ್ ಬರೆಯುವವರೂ ಅದರಿಂದ ಪೆಟ್ಟು ತಿನ್ನುವವರೂ ಇಲ್ಲಿ ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ.

ಮೊದಲು ಎರರ್ ಅನ್ನೇ ಹತ್ತಿರದಿಂದ ನೋಡೋಣ. ಅರ್ಜಿದಾರರ ಹೆಸರು ಹುಡುಕುವ ಒಂದು ಸಾಲು ಕೋಡ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಬರೆದವರು ಕ್ವೆರಿಯ ಅರ್ಧವನ್ನು ಕೋಟ್ ಚಿಹ್ನೆಯವರೆಗೆ ಬರೆದು, ಪ್ಲಸ್ ಹಾಕಿ ಹೆಸರನ್ನು ಸೇರಿಸಿ, ಮತ್ತೆ ಪ್ಲಸ್ ಹಾಕಿ ಮುಚ್ಚುವ ಕೋಟ್ ಅಂಟಿಸಿದ್ದಾರೆ. ರಾಮಯ್ಯ, ಫಾತಿಮಾ, ಸೆಲ್ವಿ ಬಂದಾಗ ಎಲ್ಲ ಸುಸೂತ್ರ. ಡಿ'ಸೋಜಾ ಬಂದಾಗ ಡೇಟಾಬೇಸಿಗೆ ತಲುಪುವುದು ಇದು:

ಸೆಲೆಕ್ಟ್ * ಫ್ರಮ್ ಅರ್ಜಿದಾರರು ವೇರ್ ಹೆಸರು = 'ಡಿ'ಸೋಜಾ'

ಡೇಟಾಬೇಸಿನಲ್ಲಿ ಕ್ವೆರಿಯನ್ನು ಬಿಡಿಸಿ ಅರ್ಥಮಾಡಿಕೊಳ್ಳುವ ಪಾರ್ಸರ್ ಇದನ್ನು ಎಡದಿಂದ ಓದುತ್ತ ಬರುತ್ತದೆ. ಮೊದಲ ಕೋಟ್ ಕಂಡಿತು, ಪಠ್ಯ ಶುರುವಾಯಿತು. 'ಡಿ' ಆದಮೇಲೆ ಇನ್ನೊಂದು ಕೋಟ್ ಕಂಡಿತು, ಪಠ್ಯ ಮುಗಿಯಿತು. ಇನ್ನು ಮುಂದೆ ಆಜ್ಞೆಯ ಭಾಗವೇ ಬರಬೇಕು. ಬಂದದ್ದು 'ಸೋಜಾ'. ಅಂಥ ಆಜ್ಞೆ ಕ್ವೆರಿಯ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ 42601 ಎಂಬ ಸಂಕೇತದೊಂದಿಗೆ 'ಸೋಜಾ' ಹತ್ತಿರ ಸಿಂಟ್ಯಾಕ್ಸ್ ಎರರ್ ಎಂದು ಹೇಳುತ್ತದೆ. ಮೈಎಸ್‌ಕ್ಯುಎಲ್ ತನ್ನ 1064 ಸಂಖ್ಯೆಯ ಎರರ್ ಕೊಟ್ಟು ಅದೇ ಜಾಗವನ್ನು ತೋರಿಸುತ್ತದೆ. ಕೋಟ್ ಸರಿಯಾಗಿ ಮುಚ್ಚಿಲ್ಲ ಎಂದು ಹೇಳಲು ಒರ‍್ಯಾಕಲ್‌ನಲ್ಲಿ ಓರಾ-01756 ಇದೆ.

ಗಮನಿಸಬೇಕಾದದ್ದು ಪಾರ್ಸರ್ ಇಲ್ಲಿ ಹೇಳುತ್ತಿರುವ ನಿಜ. ಅರ್ಜಿದಾರರ ಹೆಸರಿನ ಒಂದು ಭಾಗವನ್ನು ನೀವು ನನಗೆ ಆಜ್ಞೆಯಾಗಿ ಓದಲು ಕೊಟ್ಟಿದ್ದೀರಿ ಎಂದು ಅದು ಹೇಳುತ್ತಿದೆ. ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಒಂದು ಪ್ರೋಗ್ರಾಮಿಗೆ ಸಿಗಲಾರದು. 'ಸೋಜಾ' ಅರ್ಥವಾಗದ ಪದವಾದ್ದರಿಂದ ಕ್ವೆರಿ ಮುರಿಯಿತು. ಅದೇ ಜಾಗದಲ್ಲಿ ಅರ್ಥವಾಗುವ ಆಜ್ಞೆಯನ್ನು ಯಾರಾದರೂ ಬರೆದಿದ್ದರೆ ಕ್ವೆರಿ ಮುರಿಯುತ್ತಿರಲಿಲ್ಲ, ಅವರು ಹೇಳಿದ ಕೆಲಸ ಮಾಡುತ್ತಿತ್ತು. ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಜಗತ್ತು ಕರೆಯುವುದು ಇದನ್ನೇ. 1998ರ ಡಿಸೆಂಬರ್‌ನಲ್ಲಿ ಫ್ರ್ಯಾಕ್ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಇದರ ಬಗ್ಗೆ ಬಹಿರಂಗವಾಗಿ ಬರೆದದ್ದಾಯಿತು. ಕಾಲು ಶತಮಾನ ದಾಟಿದೆ. ಡಿ'ಸೋಜಾ ಹೆಸರಿನಿಂದ ಮುರಿಯುವ ಕೋಡ್ ಕಳ್ಳನಿಗೂ ತೆರೆದಿರುವ ಕೋಡ್. ಹೆಸರು ಹಿಡಿದು ತೋರಿಸಿದ ಬಿರುಕನ್ನು ಮುಚ್ಚದೆ, ತೋರಿಸಿದ ಹೆಸರನ್ನೇ ಕತ್ತರಿಸುವುದನ್ನು ಪರಿಹಾರ ಎಂದು ಕರೆಯುವುದಾದರೂ ಹೇಗೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ನಮ್ಮಲ್ಲಿದೆ. ಇಲ್ಲಿ ನೆಗಡಿ ಬಂದದ್ದು ಕೋಡ್‌ಗೆ, ಕೊಯ್ದದ್ದು ಬೇರೆಯವರ ಮೂಗು.

ಯಾರ ಮೂಗು ಎಂಬುದನ್ನೂ ಹೇಳಬೇಕು. ಬ್ರಿಟಿಷರು 1809ರಲ್ಲಿ ಹಲಸೂರಿನ ಆಸುಪಾಸು ದಂಡು ಕಟ್ಟಿದರು. ಸೈನ್ಯದ ಹಿಂದೆ ತಮಿಳರು, ದಖನಿ ಮುಸ್ಲಿಮರು, ಆಂಗ್ಲೋ-ಇಂಡಿಯನ್ನರು, ಗೋವಾ ಮತ್ತು ಮಂಗಳೂರಿನ ಕ್ರೈಸ್ತರು ಬಂದು ನೆಲೆಸಿದರು. 1882ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರು ನೀಡಿದ ಸುಮಾರು 3,900 ಎಕರೆ ಜಮೀನಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ವೈಟ್‌ಫೀಲ್ಡ್ ಹುಟ್ಟಿತು. 1949ರಲ್ಲಿ ದಂಡೂ ಪೇಟೆಯೂ ಒಂದೇ ನಗರಪಾಲಿಕೆಯಡಿ ಸೇರಿದವು. ಡಿ'ಸೋಜಾ, ಡಿ'ಕ್ರೂಜ್, ಡಿ'ಕೋಸ್ಟಾ, ಒ'ಕಾನರ್ ಎಂಬ ಹೆಸರುಗಳು ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್‌ಗಳ ಗೇಟುಗಳ ಮೇಲೆ ತಲೆಮಾರುಗಳಿಂದ ಇವೆ. ಇವು ಅಪರೂಪದ ಹೆಸರುಗಳಲ್ಲ, ಪರದೇಶದ ಹೆಸರುಗಳೂ ಅಲ್ಲ. ಈ ಊರಿನ ಹೆಸರುಗಳು.

ಹೆಸರು ಬಿಡಿ, ವಿಳಾಸ ನೋಡಿ. ಹಲಸೂರಿನ ಸೇಂಟ್ ಜಾನ್ಸ್ ರಸ್ತೆ, ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ, ಕಬ್ಬನ್ ಪಾರ್ಕ್ ಪಕ್ಕದ ಕ್ವೀನ್ಸ್ ರಸ್ತೆ: ಇಂಗ್ಲಿಷಿನಲ್ಲಿ ಬರೆದರೆ ಇವಕ್ಕೆಲ್ಲ ಅಪಾಸ್ಟ್ರಫಿ ಇದೆ. ಸೇಂಟ್ ಜಾನ್ಸ್ ರಸ್ತೆಯಲ್ಲಿ ಮನೆ ಮಾಡಿರುವ ಮಂಡ್ಯದ ಗೌಡರ ಅರ್ಜಿಯೂ ಅದೇ ಕೋಡ್‌ನಲ್ಲಿ ಅದೇ ರೀತಿ ಮುರಿಯುತ್ತದೆ. ಇದೊಂದು ಸಣ್ಣ ಸಮುದಾಯದ ತೊಂದರೆ, ಅವರಷ್ಟೇ ಹೊಂದಿಕೊಂಡರೆ ಸಾಕು ಎನ್ನುವವರು ತಮ್ಮದೇ ಬೀದಿಯ ಫಲಕವನ್ನು ಓದಿಕೊಳ್ಳಲಿ.

ಇನ್ನು 'ಕ್ಲೀನ್ ಮಾಡಿ' ಎಂಬ ಮೊದಲ ವಾದ. ಅನುಮಾನ ಬಂದ ಚಿಹ್ನೆಗಳನ್ನೆಲ್ಲ ಒಳಗೆ ಬಿಡುವ ಮೊದಲೇ ಕಿತ್ತೊಗೆದರೆ ಅಪಾಯವೂ ಹೋಗುತ್ತದೆ, ಎರರ್ ಕೂಡ ಹೋಗುತ್ತದೆ ಎಂಬುದು ಅದರ ನಂಬಿಕೆ. ಎರರ್ ಹೋಗುವುದು ನಿಜ. ಅಪಾಯ ಹೋಗುವುದಿಲ್ಲ. ಅರ್ಜಿ ಸಂಖ್ಯೆ, ವಯಸ್ಸು, ಪಿನ್ ಕೋಡ್ ಮುಂತಾದ ಅಂಕಿಗಳ ಸುತ್ತ ಕ್ವೆರಿಯಲ್ಲಿ ಕೋಟ್ ಇರುವುದೇ ಇಲ್ಲ. ಅಲ್ಲಿ ಆಜ್ಞೆ ತೂರಿಸಲು ಅಪಾಸ್ಟ್ರಫಿ ಬೇಕಾಗಿಲ್ಲ, ಅಂಕಿಯ ಪಕ್ಕ ಒಂದು ಖಾಲಿ ಜಾಗ ಬಿಟ್ಟು 'ಆರ್ 1=1' ಎಂದು ಬರೆದರೆ ಸಾಕು. ಹೆಸರಿನಿಂದ ಅಪಾಸ್ಟ್ರಫಿ ಕಿತ್ತ ಕೋಡ್ ಅಂಕಿಯ ಬಾಗಿಲನ್ನು ಹಾಗೇ ಬಿಟ್ಟಿರುತ್ತದೆ. ಎರರ್ ನಿಂತಿದ್ದರಿಂದ ಈಗ ಯಾರೂ ಆ ಕಡೆ ನೋಡುವುದೂ ಇಲ್ಲ.

ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಕ್ಲೀನ್ ಮಾಡುವ ಕೆಲಸಕ್ಕೆ ಪ್ರೋಗ್ರಾಮರ್‌ಗಳು ಬಳಸುವುದು ರೆಗೆಕ್ಸ್. 'ಅಕ್ಷರ ಮತ್ತು ಅಂಕಿ ಮಾತ್ರ ಉಳಿಸು, ಉಳಿದದ್ದನ್ನು ತೆಗೆ' ಎಂದು ಒಂದು ಸಾಲು ಬರೆಯುತ್ತಾರೆ. ಪೈಥಾನ್ ಭಾಷೆಯ ರೆಗೆಕ್ಸ್‌ನಲ್ಲಿ ಅಕ್ಷರ ಎಂಬುದಕ್ಕೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಎಂಬ ಗುರುತು ಇದೆ. ಅದರ ಲೆಕ್ಕದಲ್ಲಿ ಕನ್ನಡದ ಕ, ಗ, ಶ ಅಕ್ಷರಗಳು. ಆದರೆ ಗುಡಿಸು, ಇಳಿ, ಕೊಂಬು, ಅನುಸ್ವಾರ, ಒತ್ತಕ್ಷರ ಕೂಡಿಸುವ ವಿರಾಮ ಇವು ಯುನಿಕೋಡ್‌ನಲ್ಲಿ ಬೇರೆ ವರ್ಗಕ್ಕೆ ಸೇರುತ್ತವೆ, ಹಾಗಾಗಿ ಅವು ಅಕ್ಷರಗಳಲ್ಲ. ಆ ಸಾಲಿನೊಳಗೆ 'ಶಿವಾಜಿನಗರ' ಹಾಕಿದರೆ 'ಶವಜನಗರ' ಹೊರಬರುತ್ತದೆ. 'ಇಂದಿರಾನಗರ' ಹಾಕಿದರೆ 'ಇದರನಗರ'. 'ಹಲಸೂರು' ಹಾಕಿದರೆ 'ಹಲಸರ'. 'ಕನ್ನಡ' ಹಾಕಿದರೆ 'ಕನನಡ'. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಭಾಷೆಯ ಸ್ವರಚಿಹ್ನೆಗಳನ್ನೆಲ್ಲ ಕಿತ್ತು ಡೇಟಾಬೇಸ್ ಸ್ವಚ್ಛವಾಯಿತು ಎಂದುಕೊಳ್ಳುತ್ತಾರೆ. ಇಂಗ್ಲಿಷಿನ ಎ-ಯಿಂದ ಝಡ್‌ವರೆಗೆ ಮಾತ್ರ ಬಿಡುವ ಸಾಲು ಬರೆದಿದ್ದರಂತೂ ಕನ್ನಡದ ಒಂದಕ್ಷರವೂ ಉಳಿಯದು. ಡಿ'ಸೋಜಾ ಹೆಸರಿನ ಅಪಾಸ್ಟ್ರಫಿಯನ್ನು ಕಸ ಎಂದು ಕರೆದ ಸಿದ್ಧಾಂತ ಕನ್ನಡದ ಕಾಗುಣಿತವನ್ನೂ ಕಸ ಎಂದೇ ಕರೆಯುತ್ತದೆ. ಇಬ್ಬರಿಗೂ ಎದುರಾಳಿ ಒಂದೇ.

ಮುಂದಿನದು 'ಎಸ್ಕೇಪ್ ಹಾಕಿ' ಎಂಬ ವಾದ. ಇದು ಮೊದಲನೆಯದಕ್ಕಿಂತ ಮೇಲು, ಏಕೆಂದರೆ ಹೆಸರು ಉಳಿಯುತ್ತದೆ. ಅಪಾಸ್ಟ್ರಫಿ ಬಂದಲ್ಲಿ ಎರಡು ಅಪಾಸ್ಟ್ರಫಿ ಇಟ್ಟರೆ ಪಾರ್ಸರ್ ಅದನ್ನು ಪಠ್ಯದೊಳಗಿನ ಒಂದು ಚಿಹ್ನೆ ಎಂದು ಓದುತ್ತದೆ. ಕೈಯಲ್ಲಿ ಕ್ವೆರಿ ಬರೆಯುವವರಿಗೆ ಇದು ಸರಿಯಾದ ನಿಯಮವೇ. ಪ್ರೋಗ್ರಾಮಿನೊಳಗೆ ಇದನ್ನೇ ನೆಚ್ಚಿಕೊಳ್ಳುವುದು ಬೇರೆ ಮಾತು. ಒಂದು ಡೇಟಾಬೇಸಿನ ಎಸ್ಕೇಪ್ ಇನ್ನೊಂದಕ್ಕೆ ಹೊಂದುವುದಿಲ್ಲ. ಮೈಎಸ್‌ಕ್ಯುಎಲ್ ತನ್ನ ಮಾಮೂಲು ಸ್ಥಿತಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಅನ್ನು ಎಸ್ಕೇಪ್ ಎಂದು ಓದುತ್ತದೆ, ಆದರೆ ಒಂದು ಸೆಟ್ಟಿಂಗ್ ಬದಲಿಸಿದರೆ ಓದುವುದಿಲ್ಲ. ಪೋಸ್ಟ್‌ಗ್ರೆಸ್ ಮೊದಲು ಹಾಗೆಯೇ ಓದುತ್ತಿತ್ತು, 2011ರಲ್ಲಿ ಬಂದ 9.1 ಆವೃತ್ತಿಯಿಂದ ಮಾಮೂಲು ಪಠ್ಯದಲ್ಲಿ ಅದನ್ನು ಸಾದಾ ಚಿಹ್ನೆ ಎಂದೇ ಎಣಿಸುತ್ತದೆ. ಒಂದು ಆವೃತ್ತಿಗೆ ಸರಿಯಿದ್ದ ಕೋಡ್ ಇನ್ನೊಂದರಲ್ಲಿ ಸರಿಯಿರುವುದಿಲ್ಲ, ಕೋಡ್ ಬರೆದವರು ಆ ಹೊತ್ತಿಗೆ ಕೆಲಸ ಬಿಟ್ಟು ಬೇರೆ ಕಡೆ ಹೋಗಿರುತ್ತಾರೆ.

ಎಸ್ಕೇಪ್ ಮಾಡುವ ಕೆಲಸವನ್ನು ನಾವೇ ಕೈಯಾರೆ ಮಾಡದೆ ಡೇಟಾಬೇಸಿನವರೇ ಕೊಟ್ಟ ಫಂಕ್ಷನ್‌ಗೆ ಒಪ್ಪಿಸಿದರೆ ಸಾಕಲ್ಲ ಎನ್ನುವವರಿಗೆ 2025ರ ಫೆಬ್ರವರಿ ಉತ್ತರ ಕೊಟ್ಟಿದೆ. ಪೋಸ್ಟ್‌ಗ್ರೆಸ್‌ನವರೇ ಬರೆದ, ವರ್ಷಗಟ್ಟಲೆ ನಂಬಿಕೊಂಡು ಬಂದಿದ್ದ ಎಸ್ಕೇಪ್ ಫಂಕ್ಷನ್‌ಗಳಲ್ಲೇ ದೋಷ ಸಿಕ್ಕಿತು. ಸಿವಿಇ-2025-1094 ಎಂಬ ಸಂಖ್ಯೆಯಲ್ಲಿ ಅದು ದಾಖಲಾಗಿದೆ. ಯುಟಿಎಫ್-8 ನಿಯಮಕ್ಕೆ ಹೊಂದದ ಬೈಟುಗಳನ್ನು ಜಾಣತನದಿಂದ ಜೋಡಿಸಿ ಕಳಿಸಿದರೆ ಕೋಟ್ ಚಿಹ್ನೆಯೊಂದು ಎಸ್ಕೇಪ್ ಆಗದೆ ನುಸುಳಬಹುದಿತ್ತು. ನುರಿತವರ ಕೈಯಲ್ಲೇ ಹೀಗಾಗುವಾಗ, ಗಡುವಿನ ಹಿಂದಿನ ರಾತ್ರಿ ಬರೆದ ನಮ್ಮ ಎಸ್ಕೇಪ್ ಫಂಕ್ಷನ್ ಎಷ್ಟು ಗಟ್ಟಿ? ವೆಬ್ ಸುರಕ್ಷತೆಗೆ ದಾರಿ ತೋರುವ ಓವಾಸ್ಪ್ ಸಂಸ್ಥೆ ಬಂದದ್ದನ್ನೆಲ್ಲ ಎಸ್ಕೇಪ್ ಮಾಡಿ ಬಚಾವಾಗುವ ದಾರಿಯನ್ನು ತನ್ನ ಪಟ್ಟಿಯ ಕೊನೆಯಲ್ಲಿಟ್ಟು, ಹಿಡಿಯಬೇಡಿ ಎಂದೇ ಹೇಳುತ್ತದೆ.

ಉಳಿದದ್ದು 'ಡ್ರೈವರ್ ಬಗ್' ಎಂಬ ವಾದ. ಇದರಲ್ಲಿ ಸತ್ಯದ ಒಂದು ಪಾಲು ಇದೆ. ಆ ಪಾಲನ್ನು ನಿಖರವಾಗಿ ಗುರುತಿಸಿದರೆ ವಾದ ಬೀಳುತ್ತದೆ.

ಡ್ರೈವರ್ ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು. ಕ್ವೆರಿಯಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಡ್ರೈವರ್‌ಗೆ ಬೇರೆಯಾಗಿ ಕೊಡಬೇಕು, ಎರಡನ್ನೂ ಡೇಟಾಬೇಸಿಗೆ ತಲುಪಿಸುವುದು ಡ್ರೈವರ್. ಇದಕ್ಕೆ ಬೈಂಡ್ ಮಾಡುವುದು ಎನ್ನುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಪಾರ್ಸ್ ಎಂಬ ಒಂದು ಸಂದೇಶದಲ್ಲಿ ಕ್ವೆರಿಯ ಪಠ್ಯ ಹೋಗುತ್ತದೆ, ಬೈಂಡ್ ಎಂಬ ಇನ್ನೊಂದು ಸಂದೇಶದಲ್ಲಿ ಮೌಲ್ಯಗಳು ಹೋಗುತ್ತವೆ. ಪಾರ್ಸರ್ ತನ್ನ ಕೆಲಸ ಮಾಡುವಾಗ ಡಿ'ಸೋಜಾ ಎಂಬ ಹೆಸರು ಅದರ ಕಣ್ಣಿಗೇ ಬೀಳುವುದಿಲ್ಲ. ಬೀಳದ ಮೇಲೆ ಮುರಿಯುವ ಮಾತೆಲ್ಲಿ? ಇದು ಹೊಸ ಆವಿಷ್ಕಾರವೂ ಅಲ್ಲ. ಎಸ್‌ಕ್ಯುಎಲ್ 1986ರಲ್ಲಿ ಮಾನದಂಡವಾದಾಗಲೇ ಪ್ರೋಗ್ರಾಮಿನ ಮೌಲ್ಯಗಳಿಗೆ ಅದರಲ್ಲಿ ಪ್ರತ್ಯೇಕ ಜಾಗ ಇತ್ತು. ಜಾವಾದ ಜೆಡಿಬಿಸಿ 1997ರಲ್ಲಿ ಬಂದಾಗಲೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅದರೊಳಗಿತ್ತು.

ಡ್ರೈವರ್ ಎಡವುವ ಜಾಗಗಳು ಎರಡು. ಒಂದು, ಪ್ರಶ್ನಾರ್ಥಕ ಚಿಹ್ನೆ ಎಲ್ಲಿದೆ ಎಂದು ಹುಡುಕುವಾಗ. ಕೋಟ್ ಒಳಗಿನದು, ಕಾಮೆಂಟ್ ಒಳಗಿನದು ಬಿಟ್ಟು ನಿಜವಾದ ಪ್ಲೇಸ್‌ಹೋಲ್ಡರ್ ಯಾವುದು ಎಂದು ತಿಳಿಯಲು ಡ್ರೈವರ್ ಒಳಗೂ ಒಂದು ಚಿಕ್ಕ ಪಾರ್ಸರ್ ಇರುತ್ತದೆ. ಪೋಸ್ಟ್‌ಗ್ರೆಸ್ 9.4ರಲ್ಲಿ ಬಂದ ಜೇಸನ್-ಬಿ ಸೌಲಭ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ ಒಂದು ಆಪರೇಟರ್, ಹಾಗಾಗಿ ಜೆಡಿಬಿಸಿಯಲ್ಲಿ ಅದನ್ನು ಎರಡು ಸಲ ಬರೆಯಬೇಕು. ಪಿಎಚ್‌ಪಿಯ ಪಿಡಿಒ ಬಹುಕಾಲ ಎಲ್ಲ ಡೇಟಾಬೇಸುಗಳಿಗೂ ಒಂದೇ ಪಾರ್ಸರ್ ಇಟ್ಟುಕೊಂಡು, ಬ್ಯಾಕ್‌ಸ್ಲ್ಯಾಶ್ ಎಲ್ಲ ಕಡೆಯೂ ಎಸ್ಕೇಪ್ ಎಂದು ಭಾವಿಸಿತ್ತು. 2024ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.4ರಲ್ಲಿ ಡೇಟಾಬೇಸಿಗೆ ತಕ್ಕ ಪಾರ್ಸರ್ ಇಡುವ ವ್ಯವಸ್ಥೆ ಬಂತು. ಇವು ಡ್ರೈವರ್‌ನ ನಿಜವಾದ ಕೊರತೆಗಳು, ಒಪ್ಪುತ್ತೇನೆ. ಆದರೆ ಇವು ಸಾಮಾನ್ಯವಾಗಿ ಎದ್ದು ಕಾಣುತ್ತವೆ. ಬರೆದ ದಿನವೇ ಕ್ವೆರಿ ಮುರಿಯುತ್ತದೆ, ಡಿ'ಸೋಜಾ ಬಂದ ದಿನ ಮಾತ್ರ ಅಲ್ಲ. ಕ್ವೆರಿಯ ಪಠ್ಯ ತಿದ್ದಿದರೆ ಸರಿಹೋಗುತ್ತದೆ, ಯಾರ ಹೆಸರನ್ನೂ ಮುಟ್ಟಬೇಕಾಗಿಲ್ಲ.

ಇನ್ನೊಂದು ಜಾಗ, ಡ್ರೈವರ್ ಸ್ವತಃ ಮೌಲ್ಯವನ್ನು ಕ್ವೆರಿಯ ಪಠ್ಯದೊಳಗೆ ಅಂಟಿಸುವಾಗ. ಕೆಲವು ಡ್ರೈವರ್‌ಗಳು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂಬ ಹೆಸರಿನಲ್ಲೇ, ಒಳಗೊಳಗೆ ಪಠ್ಯ ಹೆಣೆದು ಕಳಿಸುತ್ತವೆ. ಮೈಎಸ್‌ಕ್ಯುಎಲ್‌ನ ಜಾವಾ ಡ್ರೈವರ್ ಮತ್ತು ಪಿಡಿಒದ ಮೈಎಸ್‌ಕ್ಯುಎಲ್ ಭಾಗ ಮಾಮೂಲು ಸ್ಥಿತಿಯಲ್ಲಿ ಮಾಡುವುದು ಇದನ್ನೇ. ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್‌ನಲ್ಲಿ ಸಿಂಪಲ್ ಎಂಬ ಆಯ್ಕೆ ಹಾಕಿದರೆ ಅದೂ ಹೀಗೇ ಮಾಡುತ್ತದೆ. 2024ರ ಫೆಬ್ರವರಿಯಲ್ಲಿ ಅದರಲ್ಲಿ ಸಿಕ್ಕ ದೋಷ, ಸಿವಿಇ-2024-1597, ಪ್ರತಿಯೊಬ್ಬ ಪ್ರೋಗ್ರಾಮರ್ ಓದಬೇಕಾದದ್ದು. ಕ್ವೆರಿಯಲ್ಲಿ ಪ್ಲೇಸ್‌ಹೋಲ್ಡರ್ ಮುಂದೆ ಒಂದು ಮೈನಸ್ ಇದೆ. ಕೊಟ್ಟ ಮೌಲ್ಯ ಮೈನಸ್ ಒಂದು. ಎರಡನ್ನೂ ಅಂಟಿಸಿದಾಗ --1 ಆಯಿತು. ಎಸ್‌ಕ್ಯುಎಲ್‌ನಲ್ಲಿ ಎರಡು ಅಡ್ಡಗೆರೆ ಕೂಡಿದರೆ ಅಲ್ಲಿಂದ ಸಾಲಿನ ಕೊನೆಯವರೆಗೆ ಕಾಮೆಂಟ್. ಮುಂದಿನ ಕೋಟ್ ಚಿಹ್ನೆ ಕಾಮೆಂಟ್ ಒಳಗೆ ಸೇರಿಹೋಯಿತು, ಅದೇ ಸಾಲಿನ ಎರಡನೆಯ ಮೌಲ್ಯದಲ್ಲಿ ಹೊಸ ಸಾಲಿನ ಚಿಹ್ನೆ ಇಟ್ಟವರು ಕೋಟ್‌ನಿಂದ ಹೊರಗೆ ಬಂದು ಆಜ್ಞೆ ಬರೆಯಬಹುದಾಯಿತು. ಅದೇ ಡ್ರೈವರ್ ಅನ್ನು ಮಾಮೂಲು ಸ್ಥಿತಿಯಲ್ಲಿ, ಅಂದರೆ ಪಠ್ಯ ಮತ್ತು ಮೌಲ್ಯ ಬೇರೆಬೇರೆಯಾಗಿ ಹೋಗುವ ರೀತಿಯಲ್ಲಿ ಬಳಸಿದವರಿಗೆ ಏನೂ ಆಗಲಿಲ್ಲ.

ಇದರಿಂದ ತಿಳಿಯುವುದು ಸ್ಪಷ್ಟ. ಡ್ರೈವರ್‌ನ ಅಪಾಯಕಾರಿ ದೋಷವೂ ನಮ್ಮ ಕೋಡ್‌ನ ದೋಷವೂ ಹುಟ್ಟುವುದು ಒಂದೇ ಜಾಗದಲ್ಲಿ: ಆಜ್ಞೆಯೊಳಗೆ ಮೌಲ್ಯವನ್ನು ಕಲಸುವ ಜಾಗದಲ್ಲಿ. ಹಾಗಿರುವಾಗ ಡ್ರೈವರ್ ಮೇಲೆ ಗೂಬೆ ಕೂರಿಸಿ ನಮ್ಮ ಕಲಸುವಿಕೆಯನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಡ್ರೈವರ್‌ನ ಹೊಸ ಆವೃತ್ತಿ ಹಾಕಬೇಕಾದದ್ದೇ. ಹಾಕಿದ ಮೇಲೂ ನಮ್ಮ ಪ್ಲಸ್ ಚಿಹ್ನೆಗಳು ಅಲ್ಲೇ ಇರುತ್ತವೆ.

ಹಾಗಾದರೆ ಎರರ್ ಬಂದಾಗ ಏನು ಮಾಡಬೇಕು? ಮೊದಲ ಕೆಲಸ, ಡೇಟಾಬೇಸಿಗೆ ನಿಜವಾಗಿ ತಲುಪಿದ ಪಠ್ಯವನ್ನು ನೋಡುವುದು. ಕೋಡ್‌ನಲ್ಲಿ ಬರೆದದ್ದನ್ನು ನೂರು ಸಲ ಓದಿದರೂ ಪ್ರಯೋಜನವಿಲ್ಲ, ಸರ್ವರ್‌ನ ಲಾಗ್ ತೆರೆಯಬೇಕು. ಪೋಸ್ಟ್‌ಗ್ರೆಸ್ ಎರರ್ ಜೊತೆಗೆ ಎಷ್ಟನೇ ಅಕ್ಷರದಲ್ಲಿ ತೊಂದರೆ ಎಂದು ಸ್ಥಾನವನ್ನೂ ಕೊಡುತ್ತದೆ. ಕನ್ನಡ ಪಠ್ಯ ಇದ್ದಾಗ ಎಣಿಕೆಯಲ್ಲಿ ಎಚ್ಚರ ಬೇಕು. 'ಶಿವಾಜಿನಗರ' ಕಣ್ಣಿಗೆ ಆರು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ 9, ಯುಟಿಎಫ್-8ರಲ್ಲಿ 27 ಬೈಟು. ಪೋಸ್ಟ್‌ಗ್ರೆಸ್ ಹೇಳುವುದು ಎರಡನೆಯ ಲೆಕ್ಕ. ಇದು ಗೊತ್ತಿಲ್ಲದೆ ತಪ್ಪು ಜಾಗವನ್ನು ಹಿಡಿದು ಇಡೀ ಮಧ್ಯಾಹ್ನ ಕಳೆಯಬಹುದು.

'ಮೊಬೈಲಲ್ಲಿ ಹೋಗುತ್ತೆ, ಕಂಪ್ಯೂಟರಲ್ಲಿ ಹೋಗಲ್ಲ' ಎಂಬ ದೂರು ಬಂದರೂ ಅದನ್ನು ಭ್ರಮೆ ಎಂದು ತಳ್ಳಿಹಾಕಬಾರದು. ಕೆಲವು ಮೊಬೈಲ್ ಕೀಲಿಮಣೆಗಳು ನೆಟ್ಟಗಿನ ಅಪಾಸ್ಟ್ರಫಿಯನ್ನು ತಾವಾಗಿಯೇ ಬಾಗಿದ ಅಪಾಸ್ಟ್ರಫಿಯಾಗಿ ಬದಲಿಸುತ್ತವೆ. ಎಸ್‌ಕ್ಯುಎಲ್ ಪಾರ್ಸರ್‌ಗೆ ಬಾಗಿದ್ದು ಕೋಟ್ ಅಲ್ಲ, ಹಾಗಾಗಿ ಮುರಿಯುವುದಿಲ್ಲ. ನೆಟ್ಟಗಿನದು ಬಂದರೆ ಮುರಿಯುತ್ತದೆ. ಒಂದೇ ಹೆಸರು ಮೊಬೈಲಿನಿಂದ ಒಳಗೆ ಹೋಗಿ, ಆಮೇಲೆ ಕೌಂಟರಿನ ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೈಂಡ್ ಮಾಡಿದರೆ ಮುರಿಯುವುದು ನಿಲ್ಲುತ್ತದೆ. ಹುಡುಕುವಾಗ ಎರಡೂ ರೂಪಗಳನ್ನು ಒಂದೆಂದು ಎಣಿಸುವ ನಿಯಮ ಬರೆದುಕೊಂಡರೆ ಸಿಗದಿರುವುದೂ ನಿಲ್ಲುತ್ತದೆ. ಬರೆದಿಟ್ಟ ಮೂಲ ಹೆಸರು ಮಾತ್ರ ಜನ ಕೊಟ್ಟಂತೆಯೇ ಇರಬೇಕು.

ಎಲ್ಲ ಪಾರ್ಸ್ ಎರರ್‌ಗಳೂ ಮೌಲ್ಯ ಕಲಸಿದ್ದರಿಂದಲೇ ಬರುತ್ತವೆ ಎಂದು ನಾನು ಹೇಳುತ್ತಿಲ್ಲ. ಮೈಎಸ್‌ಕ್ಯುಎಲ್ 5.7ರಿಂದ 8.0ಕ್ಕೆ ಹೋದಾಗ 'ರ‍್ಯಾಂಕ್' ಎಂಬುದು ಭಾಷೆಯ ಕಾದಿರಿಸಿದ ಪದವಾಯಿತು. ಪರೀಕ್ಷೆಯ ಫಲಿತಾಂಶ ಇಡುವ ಟೇಬಲ್‌ನಲ್ಲಿ ಆ ಹೆಸರಿನ ಕಾಲಂ ಇದ್ದವರ ಕ್ವೆರಿಗಳು 1064 ಎರರ್ ಕೊಟ್ಟವು. ಒರ‍್ಯಾಕಲ್‌ಗೆ ಜಾವಾದಿಂದ ಕಳಿಸುವ ಕ್ವೆರಿಯ ಕೊನೆಯಲ್ಲಿ ಅರ್ಧವಿರಾಮ ಉಳಿದುಬಿಟ್ಟರೆ ಓರಾ-00911 ಬರುವುದು ಹಳೆಯ ಕಥೆ. ಇಲ್ಲೂ ಗಮನಿಸಿ, ತಪ್ಪು ಕ್ವೆರಿಯ ಪಠ್ಯದಲ್ಲಿದೆ. ಪಠ್ಯ ಬರೆದದ್ದು ನಾವು. ಅರ್ಜಿದಾರರು ಇಲ್ಲಿಯೂ ನಿರ್ದೋಷಿಗಳು.

ಎದುರಿನವರ ಬಲವಾದ ಮಾತುಗಳನ್ನೂ ಕೇಳಬೇಕು. 'ಹಳೆಯ ಕೋಡ್, ಸಾವಿರಾರು ಕ್ವೆರಿಗಳಿವೆ, ಎಲ್ಲ ಬದಲಿಸಲು ಸಮಯವಿಲ್ಲ' ಎನ್ನುತ್ತಾರೆ. ಒಂದೇ ದಿನದಲ್ಲಿ ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಹೊರಗಿನಿಂದ ಮೌಲ್ಯ ಬರುವ ಕ್ವೆರಿಗಳಿಂದ ಶುರು ಮಾಡಿ, ಮುರಿದವುಗಳನ್ನು ಮೊದಲು ತೆಗೆದುಕೊಳ್ಳಿ. ಹಳೆಯದೆಂದು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಟಾಕ್‌ಟಾಕ್ ಕಂಪನಿ ಸಾಕ್ಷಿ. 2015ರಲ್ಲಿ, ತಾನು ಹಿಂದೆ ಕೊಂಡಿದ್ದ ಕಂಪನಿಯೊಂದರಿಂದ ಬಂದ ಹಳೆಯ ಪುಟಗಳ ಮೂಲಕ ಎಸ್‌ಕ್ಯುಎಲ್ ಇಂಜೆಕ್ಷನ್ ನಡೆದು 1,56,959 ಗ್ರಾಹಕರ ಮಾಹಿತಿ ಹೋಯಿತು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರು 4 ಲಕ್ಷ ಪೌಂಡ್ ದಂಡ ಹಾಕಿದರು.

'ಟೇಬಲ್ ಹೆಸರನ್ನು, ವಿಂಗಡಿಸುವ ಕಾಲಂ ಹೆಸರನ್ನು ಬೈಂಡ್ ಮಾಡಲಾಗದು' ಎನ್ನುತ್ತಾರೆ. ನಿಜ. ಅವು ಜನರ ಹೆಸರುಗಳಲ್ಲ, ನಾವೇ ಇಟ್ಟ ಹೆಸರುಗಳು. ಸರಿಯಾದವುಗಳ ಒಂದು ಪಟ್ಟಿ ಕೋಡ್‌ನಲ್ಲೇ ಇಟ್ಟು, ಬಂದದ್ದು ಅದರಲ್ಲಿದೆಯೇ ಎಂದು ನೋಡಿ ಆರಿಸಿದರೆ ಸಾಕು.

'ಪಾಸ್‌ಪೋರ್ಟಿನಲ್ಲೇ ಅಪಾಸ್ಟ್ರಫಿ ಬಿಡುತ್ತಾರಲ್ಲ' ಎಂಬುದು ಇನ್ನೊಂದು ಮಾತು. ಪಾಸ್‌ಪೋರ್ಟ್ ಪುಟದ ಕೆಳಗೆ ಯಂತ್ರ ಓದುವ ತಲಾ 44 ಚಿಹ್ನೆಗಳ ಎರಡು ಸಾಲುಗಳಿವೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 9303ನೇ ದಾಖಲೆ ಆ ಸಾಲುಗಳಲ್ಲಿ ಅಪಾಸ್ಟ್ರಫಿ ಬಿಡಬೇಕು ಎನ್ನುತ್ತದೆ. ಅದೇ ದಾಖಲೆ ಮನುಷ್ಯರು ಓದುವ ಭಾಗದಲ್ಲಿ ಅಪಾಸ್ಟ್ರಫಿಗೆ ಅವಕಾಶ ಕೊಟ್ಟಿದೆ. ಹೆಸರು ಒಂದು ಕಡೆ ಪೂರ್ತಿಯಾಗಿರಬಹುದು, ಯಂತ್ರಕ್ಕೆ ಬೇಕಾದ ರೂಪ ಇನ್ನೊಂದು ಕಡೆ ಇರುತ್ತದೆ, ನಡುವೆ ಎಲ್ಲರಿಗೂ ಗೊತ್ತಿರುವ ಲಿಖಿತ ನಿಯಮ ಇರುತ್ತದೆ. ಯಾರಿಗೂ ಹೇಳದೆ ಮೂಲ ಹೆಸರನ್ನೇ ಅಳಿಸುವ ಕೋಡ್‌ಗೆ ಇದು ಸಮರ್ಥನೆಯಾಗುವುದಿಲ್ಲ, ಅದರ ವಿರುದ್ಧದ ವಾದವಾಗುತ್ತದೆ.

ಈಗ ಇದರ ಬೆಲೆ ತೆರುವವರ ಕಡೆ ನೋಡೋಣ. ಶಿವಾಜಿನಗರದ ಯಾವುದೇ ಝೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಹುಡುಗನನ್ನು ಕೇಳಿ. 'ಆಂಟಿ, ಈ ಚಿಹ್ನೆ ಇದ್ರೆ ಸಿಸ್ಟಮ್ ತಗೊಳಲ್ಲ, ತೆಗೆದು ಹಾಕ್ತೀನಿ' ಎನ್ನುತ್ತಾನೆ. ಅವನು ಅರ್ಜಿ ಮುಗಿಸಬೇಕು, ಹಿಂದೆ ಸಾಲು ನಿಂತಿದೆ. ಒಂದು ದಾಖಲೆಯಲ್ಲಿ ಚಿಹ್ನೆ ಹೋಯಿತು. ಇನ್ನೊಂದರಲ್ಲಿ ಚಿಹ್ನೆಯ ಜಾಗದಲ್ಲಿ ಖಾಲಿ ಜಾಗ ಬಂತು, ಡಿ ಎಂಬುದು ಇನಿಶಿಯಲ್ ಆಗಿಹೋಯಿತು. ಮೂರನೆಯದು, ಶಾಲೆಯ ಹಳೆಯ ಅಂಕಪಟ್ಟಿ, ಕೈಬರಹದ ಕಾಲದ್ದು, ಅದರಲ್ಲಿ ಹೆಸರು ಪೂರ್ತಿ ಇದೆ. ಮೂರನ್ನೂ ಜೋಡಿಸಬೇಕಾದ ದಿನ 'ಹೆಸರು ಹೊಂದಾಣಿಕೆ ಆಗುತ್ತಿಲ್ಲ' ಎಂಬ ಉತ್ತರ ಬರುತ್ತದೆ. ಆಮೇಲೆ ಛಾಪಾ ಕಾಗದ, ನೋಟರಿ, ಮೂರೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು ಪ್ರಮಾಣ ಮಾಡುವ ಅಫಿಡವಿಟ್, ರಜೆ ಹಾಕಿದ ದಿನದ ಕೂಲಿ. ಹುಟ್ಟಿದಾಗಿನಿಂದ ಒಂದೇ ಹೆಸರಿನಲ್ಲಿ ಬದುಕಿದ ಹೆಂಗಸು, ತಾನು ಮೂರು ಜನರಲ್ಲ ಎಂದು ಸರ್ಕಾರಕ್ಕೆ ಹಣ ಕೊಟ್ಟು ಸಾಬೀತು ಮಾಡಬೇಕಾಗುತ್ತದೆ. ಕೋಡ್‌ನಲ್ಲಿ ಇದನ್ನು ತಡೆಯಲು ಬೇಕಾಗಿದ್ದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ.

ಕೆಲಸ ಉಳಿಸಿಕೊಂಡ ಪ್ರೋಗ್ರಾಮರ್ ಒಂದು ಕಡೆ, ಕೆಲಸ ಹೆಚ್ಚಿಸಿಕೊಂಡ ಅರ್ಜಿದಾರರು ಇನ್ನೊಂದು ಕಡೆ. ಈ ಲೆಕ್ಕ ಯಾವ ಪ್ರಾಜೆಕ್ಟ್ ವರದಿಯಲ್ಲೂ ಬರುವುದಿಲ್ಲ. ಟಿಕೆಟ್ 'ರಿಸಾಲ್ವ್ಡ್' ಎಂದು ಮುಚ್ಚಿರುತ್ತದೆ. ಎರರ್ ಬಂದಾಗ 'ತಾಂತ್ರಿಕ ದೋಷ, ನಂತರ ಪ್ರಯತ್ನಿಸಿ' ಎಂದು ತೋರಿಸಿ ನಿಜವಾದ ಸಂದೇಶವನ್ನು ಲಾಗ್‌ನಲ್ಲೂ ಬರೆಯದೆ ನುಂಗುವ ಪದ್ಧತಿ ಇದಕ್ಕೆ ಒತ್ತಾಸೆ. ಜನರ ಪರದೆಗೆ ಒಳಗಿನ ವಿವರ ತೋರಿಸಬಾರದು ನಿಜ, ಅದು ಕಳ್ಳರಿಗೆ ಸುಳಿವು ಕೊಡುತ್ತದೆ. ಲಾಗ್‌ನಿಂದಲೂ ಮರೆಮಾಡಿದರೆ ತಿದ್ದಬೇಕಾದವರಿಗೇ ಕಣ್ಣು ಕಟ್ಟಿದಂತಾಗುತ್ತದೆ. ಕೊನೆಗೆ ಉಳಿಯುವುದು 'ಸರ್ವರ್ ಪ್ರಾಬ್ಲಂ' ಎಂಬ ಕೌಂಟರಿನ ಮಾತೊಂದೇ.

ಈ ಊರಿಗೆ ಇದು ಶೋಭೆಯಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಕಚೇರಿ ಮಾಡಿದ್ದು ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ. ಇಲ್ಲಿಂದ ವಿದೇಶಕ್ಕೆ ಸಾಫ್ಟ್‌ವೇರ್ ಕಳಿಸುವ ಉದ್ಯಮ ಗಟ್ಟಿಯಾಗಿ ಬೇರುಬಿಟ್ಟದ್ದು ಡಿ'ಸೋಜಾಗಳ, ಡಿ'ಕ್ರೂಜ್‌ಗಳ ನೆರೆಹೊರೆಯಲ್ಲಿ. ಆಮೇಲೆ ಅದು ಇಂದಿರಾನಗರ, ಸಿ.ವಿ. ರಾಮನ್ ನಗರ, ಕೆ.ಆರ್. ಪುರಂ ದಾಟಿ, ಆಂಗ್ಲೋ-ಇಂಡಿಯನ್ನರಿಗಾಗಿ ಕಟ್ಟಿದ ವೈಟ್‌ಫೀಲ್ಡ್‌ವರೆಗೆ ಹರಡಿತು. ಜಗತ್ತಿನ ಬ್ಯಾಂಕುಗಳ ಡೇಟಾಬೇಸುಗಳನ್ನು ನೋಡಿಕೊಳ್ಳುವಷ್ಟು ಬಲ್ಲವರು ಈ ಬಡಾವಣೆಗಳಲ್ಲಿ ಇದ್ದಾರೆ. ಅವರ ಪಕ್ಕದ ಮನೆಯವರ ಹೆಸರು ಅವರದೇ ಊರಿನ ಅರ್ಜಿಯಲ್ಲಿ ಪೂರ್ತಿ ಕೂರುವುದಿಲ್ಲ ಎಂದರೆ ಅದು ತಿಳಿವಳಿಕೆಯ ಕೊರತೆಯಲ್ಲ, ಬೇಕೆಂಬ ಮನಸ್ಸಿನ ಕೊರತೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಪರೀಕ್ಷೆಗೆ ಇಡುವ ಡೇಟಾದಲ್ಲಿ ಡಿ'ಸೋಜಾ ಇರಲಿ, ಒಂದೇ ಪದದ ಹೆಸರಿನ ಫಾತಿಮಾ ಇರಲಿ, ಇನಿಶಿಯಲ್ ಮಾತ್ರ ಇರುವ ಹಲಸೂರಿನ ಮುದಲಿಯಾರ್ ಇರಲಿ, ಒತ್ತಕ್ಷರ ತುಂಬಿದ ಕನ್ನಡ ಹೆಸರು ಇರಲಿ. ಒಂದು ಹೆಸರು ಮುರಿದರೂ ಕೋಡ್ ಹೊರಗೆ ಹೋಗಬಾರದು. ಕೋಡ್ ಪರಿಶೀಲಿಸುವವರು ಕ್ವೆರಿಯೊಳಗೆ ಪ್ಲಸ್ ಹಾಕಿ ಮೌಲ್ಯ ಸೇರಿಸಿದ ಸಾಲು ಕಂಡರೆ ಹಿಂದಕ್ಕೆ ಕಳಿಸಬೇಕು. ಡ್ರೈವರ್ ಬೈಂಡ್ ಅನ್ನು ನಿಜವಾಗಿ ಮಾಡುತ್ತಿದೆಯೋ ಪಠ್ಯಕ್ಕೆ ಅಂಟಿಸುತ್ತಿದೆಯೋ ಎಂದು ಅದರ ಸೆಟ್ಟಿಂಗ್ ನೋಡಬೇಕು. ಸಾರ್ವಜನಿಕ ಹಣದಲ್ಲಿ ಸಾಫ್ಟ್‌ವೇರ್ ಮಾಡಿಸುವ ಇಲಾಖೆಗಳು, ಪ್ರಜೆಯ ಹೆಸರನ್ನು ಅವರು ಕೊಟ್ಟಂತೆ ಉಳಿಸಬೇಕು ಎಂಬ ಷರತ್ತನ್ನು ಟೆಂಡರ್‌ನಲ್ಲೇ ಬರೆಯಬೇಕು, ಕೆಲಸ ಒಪ್ಪಿಕೊಳ್ಳುವ ದಿನ ಈ ಹೆಸರುಗಳನ್ನೇ ತುಂಬಿ ನೋಡಬೇಕು. ಮುರಿದರೆ ಬಿಲ್ ಪಾಸಾಗಬಾರದು.

'ಡೇಟಾ ಸರಿಯಿಲ್ಲ' ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ಸರ್ವರ್‌ನ ಲಾಗ್ ತೆರೆದು ಅವರ ಮುಂದಿಟ್ಟು, ಮುರಿದ ಪಠ್ಯವನ್ನು ಬರೆದವರು ಯಾರು ಎಂದು ಕೇಳಬೇಕು. ಡೇಟಾಬೇಸ್ ಇರುವುದು ಜನರನ್ನು ದಾಖಲಿಸಲು. ಅದಕ್ಕೆ ತಕ್ಕಂತೆ ಜನ ತಮ್ಮ ಹೆಸರು ತಿದ್ದಿಕೊಳ್ಳುವುದು ಎಂದಿಗೂ ಪರಿಹಾರವಾಗುವುದಿಲ್ಲ. ತಿದ್ದಬೇಕಾದದ್ದು ಕೋಡ್, ತಿದ್ದಬೇಕಾದವರು ಅದನ್ನು ಬರೆದವರು.